ಹಿಡಿ ಅಕ್ಕಿ ಮತ್ತು ಮಾಸಿಕ ಕಂತು

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಯ ಪಕ್ಕಕ್ಕೆ, ಬಾಯಂಚು ಸವೆದ ಒಂದು ಸಣ್ಣ ಮಣ್ಣಿನ ಮಡಕೆ ಇರುತ್ತಿತ್ತು. ಬೆಳಿಗ್ಗೆ ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಸುರಿದುಕೊಂಡ ಮೇಲೆ, ಕಲ್ಲು ಆರಿಸಲು ಕೂರುವುದಕ್ಕೂ ಮೊದಲು, ಅಜ್ಜಿ ಅದರಿಂದ ಒಂದು ಹಿಡಿ ತೆಗೆದು ಆ ಮಡಕೆಗೆ ಹಾಕುತ್ತಿದ್ದಳು. ಮನೆ ತುಂಬ ನೆಂಟರಿದ್ದ ದಿನವೂ, ಡಬ್ಬಿಯ ತಳ ಕಾಣತೊಡಗಿದ ದಿನವೂ ಇದು ತಪ್ಪುತ್ತಿರಲಿಲ್ಲ. ಹೆಚ್ಚೆಂದರೆ ಅಂಥ ದಿನ ಹಿಡಿ ಸ್ವಲ್ಪ ಚಿಕ್ಕದಾಗುತ್ತಿತ್ತು. ತಿಂಗಳಿಗೊಮ್ಮೆ ಮಠದ ಹಾಸ್ಟೆಲ್ಲಿನಿಂದ ಜೋಳಿಗೆ ಹಿಡಿದವರು ಬಂದಾಗ ಮಡಕೆ ಖಾಲಿಯಾಗುತ್ತಿತ್ತು. ಒಂದು ಹಿಡಿ ಎಂದರೆ 40 ಗ್ರಾಂ ಎಂದಿಟ್ಟುಕೊಂಡರೂ ತಿಂಗಳಿಗೆ 1,200 ಗ್ರಾಂ ಆಗುತ್ತದೆ. ನೂರು ಮನೆಗಳ ಊರಿನಲ್ಲಿ ಎಲ್ಲರೂ ಹೀಗೆ ಎತ್ತಿಟ್ಟರೆ 120 ಕಿಲೋ. ಇದರಿಂದ ತಮ್ಮ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾಯಿತೆಂದು ಮನೆಯಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ, ಏಕೆಂದರೆ ಆ ಅಕ್ಕಿ ಊಟದ ಲೆಕ್ಕಕ್ಕೆ ಸೇರುವ ಮೊದಲೇ ಬೇರೆಯಾಗಿರುತ್ತಿತ್ತು.

ಹಿಂದಿನವರು ಉದಾರಿಗಳಾಗಿದ್ದರು, ಈಗಿನವರು ಸ್ವಾರ್ಥಿಗಳಾಗಿದ್ದಾರೆ ಎಂಬ ಮಾತನ್ನು ಮದುವೆಮನೆಯ ಪಂಕ್ತಿಯಿಂದ ಹಿಡಿದು ಪ್ರವಚನದ ವೇದಿಕೆಯವರೆಗೆ ಎಲ್ಲ ಕಡೆ ಕೇಳುತ್ತೇವೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಎರಡು ತಲೆಮಾರುಗಳಲ್ಲಿ ಮನುಷ್ಯನ ಮನಸ್ಸು ಅಷ್ಟೊಂದು ಬದಲಾಗಲಾರದು. ಬದಲಾದದ್ದು ಸರದಿ. ಮನೆಗೆ ಬಂದ ಆದಾಯದಲ್ಲಿ ಯಾವುದನ್ನು ಮೊದಲು ತೆಗೆದಿಡುತ್ತೇವೆ, ಯಾವುದನ್ನು ಕೊನೆಗೆ ಬಿಡುತ್ತೇವೆ ಎಂಬ ಸರದಿ ತಲೆಕೆಳಗಾಗಿದೆ. ಅಜ್ಜಿಯ ಮನೆಯಲ್ಲಿ ಕೊಡುವ ಪಾಲು ಮೊದಲು ಹೊರಬೀಳುತ್ತಿತ್ತು. ನಮ್ಮ ಮನೆಗಳಲ್ಲಿ ಸಂಬಳ ಜಮೆಯಾಗಿ ನಾಲ್ಕೈದು ದಿನ ಕಳೆಯುವುದರೊಳಗೆ ಫೋನಿನ ಕಂತು, ಗಾಡಿಯ ಕಂತು, ಕಾರ್ಡಿನ ಬಾಕಿಗಳು ತಾವಾಗಿಯೇ ಕಡಿತಗೊಳ್ಳುತ್ತವೆ. ಕೊಡುವ ಕೆಲಸ ಮಾತ್ರ ‘ಏನಾದರೂ ಉಳಿದರೆ’ ಎಂಬ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಕೊಳ್ಳುಬಾಕತನ ಮತ್ತು ಔದಾರ್ಯಗಳ ನಡುವಿನ ಸಂಬಂಧವನ್ನು ಅರಿಯಬೇಕಾದರೆ ಈ ಸರದಿ ಹೇಗೆ ತಲೆಕೆಳಗಾಯಿತು ಎಂಬುದನ್ನು ನೋಡಬೇಕು.

ಕೊಳ್ಳುಬಾಕತನ ಎಂಬ ಪದವೇ ಅರ್ಧ ವಿಷಯವನ್ನು ಹೇಳಿಬಿಡುತ್ತದೆ. ಉಂಡರೂ ಹಸಿವು ತೀರದವನು ಹೊಟ್ಟೆಬಾಕ. ಕೊಂಡ ಮೇಲೂ ಕೊಳ್ಳುವ ಹಸಿವು ತೀರದವನು ಕೊಳ್ಳುಬಾಕ. ಆದ್ದರಿಂದ ವಸ್ತುವನ್ನು ಕೊಳ್ಳುವುದೇ ತಪ್ಪೆಂದು ಯಾರೂ ಹೇಳಬೇಕಾಗಿಲ್ಲ. ಸೌದೆ ಒಲೆಯ ಹೊಗೆಯಲ್ಲಿ ಕಣ್ಣು ಕೆಡಿಸಿಕೊಂಡ ಹೆಂಗಸಿನ ಮನೆಗೆ ಗ್ಯಾಸ್ ಒಲೆ ಬಂದದ್ದು, ಬಕೆಟ್‌ಗಟ್ಟಲೆ ಬಟ್ಟೆ ಒಗೆದು ಸೊಂಟ ಹಿಡಿದುಕೊಂಡವಳಿಗೆ ವಾಷಿಂಗ್ ಮೆಷಿನ್ ಸಿಕ್ಕಿದ್ದು ಬಿಡುಗಡೆಯೇ ಸರಿ. ಅದನ್ನು ಭೋಗವೆಂದು ಹಂಗಿಸುವವರು ಬಹುಮಟ್ಟಿಗೆ ಆ ಒಲೆಯ ಮುಂದೆ ಕೂತವರಲ್ಲ. ಧಾರಾಳ ಎಂಬ ಇನ್ನೊಂದು ಪದವನ್ನೂ ಇಲ್ಲಿ ಗಮನಿಸಬೇಕು. ತನಗಾಗಿ ಕೈಬಿಚ್ಚಿ ಖರ್ಚು ಮಾಡುವವನನ್ನೂ ಪರರಿಗೆ ಕೈಬಿಚ್ಚಿ ಕೊಡುವವನನ್ನೂ ಕನ್ನಡ ಒಂದೇ ಮಾತಿನಲ್ಲಿ ಧಾರಾಳಿ ಎನ್ನುತ್ತದೆ. ಕೈ ಒಂದೇ, ಅದು ಬಿಚ್ಚಿಕೊಳ್ಳುವ ರೀತಿಯೂ ಒಂದೇ. ಹಣ ಹರಿಯುವ ದಿಕ್ಕು ಮಾತ್ರ ಬೇರೆ.

ಆ ದಿಕ್ಕನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುವಂತೆ ಮಾಡುವ ಶಕ್ತಿಗಳಲ್ಲಿ ಅತ್ಯಂತ ಹಳೆಯದು ಹೋಲಿಕೆ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ ಅವರು 1899ರಲ್ಲಿಯೇ, ಉಳ್ಳವರ ಬಹಳಷ್ಟು ಖರ್ಚು ಬಳಕೆಗಿಂತ ಹೆಚ್ಚಾಗಿ ತೋರಿಕೆಗೆ ಸಂಬಂಧಿಸಿದ್ದು ಎಂದು ವಿವರಿಸಿದ್ದರು. ತನ್ನಲ್ಲಿ ಹಣವಿದೆ ಎನ್ನುವುದು ನಾಲ್ಕು ಜನರಿಗೆ ಗೊತ್ತಾಗಬೇಕಾದರೆ ಅದು ಕಣ್ಣಿಗೆ ಕಾಣುವಂತೆ ಖರ್ಚಾಗಬೇಕು. ನಮ್ಮಲ್ಲಿ ಇದನ್ನು ನೋಡಲು ಯಾವುದಾದರೂ ಕಲ್ಯಾಣ ಮಂಟಪಕ್ಕೆ ಹೋದರೆ ಸಾಕು. ಡ್ರೋನ್ ಕ್ಯಾಮೆರಾ ಬೇಕೇ, ಎಲೆಯ ಮೇಲೆ ಎಷ್ಟು ಬಗೆಯ ಸಿಹಿ ಇರಬೇಕು, ವೇದಿಕೆಗೆ ಎಷ್ಟು ಹೂವು ಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಮದುವೆಯಾಗುವ ಇಬ್ಬರ ಅಗತ್ಯವಲ್ಲ, ‘ಅವರ ಮಗಳ ಮದುವೆ ಹಾಗಿತ್ತಂತೆ’ ಎಂಬ ಮಾತು. ಈ ಓಟದಲ್ಲಿ ಉಳ್ಳವರು ಮುಂದೆ ಓಡುತ್ತಾರೆ, ಇಲ್ಲದವರು ಸಾಲದ ಬೆನ್ನೇರಿ ಹಿಂದೆ ಓಡುತ್ತಾರೆ. ಕುವೆಂಪು ಅವರು ಮಂತ್ರ ಮಾಂಗಲ್ಯವೆಂಬ ಸರಳ ವಿವಾಹ ಪದ್ಧತಿಯನ್ನು ರೂಪಿಸಿದ್ದರ ಹಿಂದೆಯೂ, ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆದು ಬಂದಿರುವುದರ ಹಿಂದೆಯೂ ಈ ಸಾಲದ ಅರಿವಿದೆ.

ಹೋಲಿಕೆಯ ಜೊತೆಗೆ ಕೆಲಸ ಮಾಡುವುದು ಒಗ್ಗಿಹೋಗುವಿಕೆ. ಹೊಸ ವಸ್ತು ಕೊಡುವ ಸಂತೋಷ ಕೆಲವೇ ವಾರಗಳಲ್ಲಿ ಮಾಮೂಲಾಗಿಬಿಡುತ್ತದೆ. ಮೊದಲಿನಷ್ಟೇ ಸಂತೋಷ ಬೇಕಾದರೆ ಅದಕ್ಕಿಂತ ದೊಡ್ಡದನ್ನು ತರಬೇಕಾಗುತ್ತದೆ. ಮನಶ್ಶಾಸ್ತ್ರಜ್ಞರಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಅವರು 1971ರಲ್ಲಿ ಇದನ್ನು ಟ್ರೆಡ್‌ಮಿಲ್ ಓಟಕ್ಕೆ ಹೋಲಿಸಿದರು: ಎಷ್ಟು ಓಡಿದರೂ ನಿಂತಲ್ಲೇ ಇರುವ ಓಟ ಅದು. ಒಂದು ವಸ್ತು ಇನ್ನೊಂದನ್ನು ಕರೆತರುವ ಬಗೆಯೂ ಉಂಟು. ಫ್ರಾನ್ಸಿನ ಚಿಂತಕ ದಿದರೋ 1769ರಲ್ಲಿ ಬರೆದುಕೊಂಡ ಅನುಭವ ಇದಕ್ಕೆ ಪ್ರಸಿದ್ಧ ಉದಾಹರಣೆ. ಹಳೆಯ ನಿಲುವಂಗಿಯ ಜಾಗಕ್ಕೆ ಸೊಗಸಾದ ಕೆಂಪು ನಿಲುವಂಗಿ ಬಂದೊಡನೆ ಅವರ ಕೋಣೆಯ ಹಳೆಯ ಕುರ್ಚಿ, ಮೇಜು, ಗೋಡೆಯ ಚಿತ್ರಗಳೆಲ್ಲ ಕಳೆಗುಂದಿದಂತೆ ಕಾಣತೊಡಗಿ, ಒಂದೊಂದನ್ನೇ ಬದಲಾಯಿಸುತ್ತ ಹೋಗಬೇಕಾಯಿತು. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರ್ಯಾಕೆನ್ ಇದಕ್ಕೆ ದಿದರೋ ಪರಿಣಾಮ ಎಂದು ಹೆಸರಿಟ್ಟರು. ಐವತ್ತೈದು ಇಂಚಿನ ಟಿವಿ ಬಂದ ಮನೆಯಲ್ಲಿ ಗೋಡೆಗೆ ಹೊಸ ಬಣ್ಣ, ಅದರ ಕೆಳಗೆ ಹೊಸ ಯೂನಿಟ್, ಎದುರಿಗೆ ಹೊಸ ಸೋಫಾ ಬರುವುದನ್ನು ನಾವೆಲ್ಲ ಕಂಡಿದ್ದೇವೆ.

ಇವೆರಡೂ ಮನುಷ್ಯನ ಹಳೆಯ ಸ್ವಭಾವಗಳು. ಇವುಗಳಿಗೆ ಹೊಸ ಕಾಲ ಕೊಟ್ಟ ಬಲವೆಂದರೆ, ಕೊಳ್ಳುವ ಗಳಿಗೆಯನ್ನೂ ಹಣ ಕೊಡುವ ಗಳಿಗೆಯನ್ನೂ ಬೇರೆಬೇರೆ ಮಾಡಿದ್ದು. ಹಿಂದೆ ಸೊಂಟದ ಚೀಲದಿಂದ ನೋಟು ಎಣಿಸಿ ತೆಗೆಯುವಾಗ ಹಣ ಹೋಗುತ್ತಿರುವುದು ಬೆರಳಿಗೆ ತಿಳಿಯುತ್ತಿತ್ತು. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳಿಗೆ ವಿದ್ಯಾರ್ಥಿಗಳಿಂದ ಬೆಲೆ ಕೂಗಿಸಿದರು. ಕೆಲವರಿಗೆ ನಗದಿನಲ್ಲಿ ಕೊಡಬೇಕೆಂದೂ ಕೆಲವರಿಗೆ ಕ್ರೆಡಿಟ್ ಕಾರ್ಡಿನಲ್ಲಿ ಕೊಡಬೇಕೆಂದೂ ಹೇಳಲಾಗಿತ್ತು. ಅದೇ ಟಿಕೆಟ್‌ಗೆ ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಸುಮಾರು ದುಪ್ಪಟ್ಟಿತ್ತು. ಭಾರತದಲ್ಲಿ 2024ರ ಆರಂಭದ ಹೊತ್ತಿಗೆ ಚಾಲ್ತಿಯಲ್ಲಿರುವ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತು. ಬಾಕಿಯನ್ನು ಪೂರ್ತಿ ತೀರಿಸದೆ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಮುಂದೂಡಿದರೆ, ಈ ಕಾರ್ಡುಗಳ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ 3.5ರ ಆಸುಪಾಸಿನಲ್ಲಿರುತ್ತದೆ, ಅಂದರೆ ವರ್ಷಕ್ಕೆ ಶೇ 40ನ್ನು ಮೀರುತ್ತದೆ. ಊರಿನ ಮೀಟರ್ ಬಡ್ಡಿಯವರನ್ನು ಶಪಿಸುವ ನಾವು ಇದನ್ನು ಬಡ್ಡಿ ಎಂದು ಗುರುತಿಸುವುದೂ ಕಡಿಮೆ.

ಬಡ್ಡಿಯೇ ಇಲ್ಲ ಎನ್ನುವ ಕಂತಿನ ಲೆಕ್ಕವನ್ನು ಒಮ್ಮೆ ಹತ್ತಿರದಿಂದ ನೋಡೋಣ. 30,000 ರೂಪಾಯಿಯ ಫೋನು, ತಿಂಗಳಿಗೆ 5,000ದಂತೆ ಆರು ಕಂತು. ಒಟ್ಟು ಕಟ್ಟುವುದೂ 30,000, ಹಾಗಾಗಿ ಬಡ್ಡಿ ಶೂನ್ಯವೆಂದು ಕಾಣುತ್ತದೆ. ಬ್ಯಾಂಕು ವರ್ಷಕ್ಕೆ ಶೇ 15ರ ದರ ಹಾಕುತ್ತದೆ ಎಂದುಕೊಳ್ಳಿ. ಆಗ ನಿಜವಾಗಿ ಆಗುವುದೇನೆಂದರೆ, ಮಾರುವವರು ಬೆಲೆಯಲ್ಲಿ ಸುಮಾರು 1,270 ರೂಪಾಯಿ ರಿಯಾಯಿತಿ ಕೊಡುತ್ತಾರೆ, ಬ್ಯಾಂಕು ಉಳಿದ 28,730 ರೂಪಾಯಿಯನ್ನು ಸಾಲವಾಗಿ ಬರೆದುಕೊಂಡು ಅದೇ 1,270 ರೂಪಾಯಿಯನ್ನು ಬಡ್ಡಿಯಾಗಿ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ ಎಂದು ಸುಮಾರು 229 ರೂಪಾಯಿ ಸೇರುತ್ತದೆ. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ಅದರ ತೆರಿಗೆಯೂ ಸೇರಿ ಇನ್ನೊಂದು 235. ಶೂನ್ಯ ಬಡ್ಡಿಯ ಫೋನಿಗೆ ಹೀಗೆ ಸುಮಾರು 464 ರೂಪಾಯಿ ಹೆಚ್ಚು ಹೋಗುತ್ತದೆ, ಮತ್ತು ಕೈಯಲ್ಲಿ ಹಣ ಹಿಡಿದು ಹೋದವನಿಗೆ ದಕ್ಕಬಹುದಾಗಿದ್ದ 1,270ರ ರಿಯಾಯಿತಿ ಕಾಣದಂತೆ ಮಾಯವಾಗಿರುತ್ತದೆ. ಶೇಕಡಾ ಸೊನ್ನೆ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಿತ್ತು. ಆದರೂ ನನ್ನನ್ನು ಕಾಡುವುದು ಈ ಕೆಲವು ನೂರು ರೂಪಾಯಿಗಳಲ್ಲ. ಮುಂದಿನ ಆರು ತಿಂಗಳ ಸಂಬಳದಲ್ಲಿ ತಲಾ 5,000 ರೂಪಾಯಿ, ಆ ಸಂಬಳ ಇನ್ನೂ ಹುಟ್ಟುವ ಮೊದಲೇ ಬೇರೆಯವರ ಪಾಲಾಗಿ ಹೋಯಿತಲ್ಲ, ಅದು. ಅಜ್ಜಿಯ ಮಡಕೆಯ ಉಪಾಯವನ್ನೇ ಮಾರುಕಟ್ಟೆ ಎತ್ತಿಕೊಂಡಿದೆ: ಮೊದಲೇ ಬೇರೆ ಮಾಡಿಬಿಟ್ಟರೆ ಕೊಟ್ಟದ್ದು ಗೊತ್ತಾಗುವುದಿಲ್ಲ.

ಇಂಥ ಸಣ್ಣ ಸಣ್ಣ ಕಂತುಗಳೆಲ್ಲ ಸೇರಿದಾಗ ದೇಶದ ಲೆಕ್ಕದಲ್ಲಿಯೂ ಕಾಣುತ್ತವೆ. ಸಾಲವನ್ನು ಕಳೆದು ಉಳಿಯುವ ಕುಟುಂಬಗಳ ಹಣಕಾಸು ಉಳಿತಾಯ 2022-23ರಲ್ಲಿ ಜಿಡಿಪಿಯ ಶೇ 5ರ ಆಸುಪಾಸಿಗೆ ಇಳಿದು, ದಶಕಗಳಲ್ಲಿಯೇ ಕನಿಷ್ಠ ಮಟ್ಟ ತಲುಪಿತು. ಅದರಲ್ಲಿ ಒಂದು ಭಾಗ ಮನೆ, ನಿವೇಶನಗಳಂಥ ಆಸ್ತಿಗೆ ಹೋಗಿದೆ ಎಂಬುದು ನಿಜ. ಎಲ್ಲವನ್ನೂ ಫೋನು, ಬಟ್ಟೆಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗಿದ್ದರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯೊಂದಿಗೆ ಬೆಳೆದ ಜನ, ಹಾಸಿಗೆಯನ್ನೇ ಕಂತಿನಲ್ಲಿ ಉದ್ದ ಮಾಡಿಕೊಳ್ಳುವ ಕಾಲಕ್ಕೆ ಬಂದು ತಲುಪಿದ್ದಾರೆ.

ಕೊಡುವ ದಾರಿ ಇದಕ್ಕೆ ತದ್ವಿರುದ್ಧವಾಗಿ ಕಠಿಣವಾಗುತ್ತ ಹೋಗಿದೆ. ಒಂದು ಜೊತೆ ಷೂ ಕೊಳ್ಳಲು ಬೆರಳ ತುದಿಯ ಒಂದು ಸ್ಪರ್ಶ ಸಾಕು. ವಿಳಾಸ, ಕಾರ್ಡಿನ ಸಂಖ್ಯೆ ಎಲ್ಲವೂ ಅಲ್ಲಿ ಮೊದಲೇ ದಾಖಲಾಗಿರುತ್ತವೆ. ಅದೇ ಹಣವನ್ನು ಒಬ್ಬ ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಕೊಡಬೇಕೆಂದರೆ ಯಾರಿಗೆ ಕೊಡಬೇಕು, ಅವರು ನಂಬಿಕಸ್ಥರೇ, ಹಣ ತಲುಪುತ್ತದೆಯೇ ಎಂದು ಹತ್ತು ಪ್ರಶ್ನೆಗಳು ಏಳುತ್ತವೆ. 80ಜಿ ಎಂದು ಜನ ಗುರುತಿಸುವ ತೆರಿಗೆ ರಿಯಾಯಿತಿ 2,000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಅದು ಇಲ್ಲವೇ ಇಲ್ಲ. ಇದಕ್ಕಿಂತ ದೊಡ್ಡ ಅಡ್ಡಿಯೆಂದರೆ ಕಣ್ಣಿಗೆ ಕಾಣದಿರುವುದು. ಊರಿನಲ್ಲಿ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಹೊಗೆಯಿಂದಲೇ ತಿಳಿಯುತ್ತಿತ್ತು. ಗೇಟು, ಕಾವಲುಗಾರ, ಲಿಫ್ಟುಗಳ ಮೇಲಿನ ಹನ್ನೊಂದನೆಯ ಮಹಡಿಯಿಂದ ಅದು ಕಾಣುವುದಿಲ್ಲ. ಅಲ್ಲಿಂದ ಕಾಣುವುದು ಎದುರಿನ ಬಾಲ್ಕನಿ.

ಹಿಂದಿನ ಕೊಡುಕೊಳ್ಳುವಿಕೆಗೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಪದವಿದೆ: ಮುಯ್ಯಿ. ಮದುವೆಮನೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬರು ಕೂರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದನ್ನು ರೂಲು ಎಳೆದ ನೋಟ್‌ಬುಕ್ಕಿನಲ್ಲಿ ಊರಿನ ಹೆಸರಿನ ಸಮೇತ ಬರೆಯುತ್ತಾರೆ. ಆ ಪುಸ್ತಕವನ್ನು ಮದುವೆ ಮುಗಿದ ಮೇಲೂ ಜೋಪಾನವಾಗಿ ಇಟ್ಟಿರುತ್ತಾರೆ, ಏಕೆಂದರೆ ನಾಳೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಅದನ್ನು ತೆರೆದು ನೋಡಿ ಅಷ್ಟನ್ನಾದರೂ, ಸಾಧ್ಯವಾದರೆ ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ಹೊಲದ ಕೆಲಸದಲ್ಲಿಯೂ ಮುಯ್ಯಾಳಿನ ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರುತ್ತೀರಿ, ಕೂಲಿಯ ಮಾತಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ ಅವರು ಜಗತ್ತಿನ ಅನೇಕ ಬುಡಕಟ್ಟುಗಳ ಉಡುಗೊರೆಯ ಪದ್ಧತಿಗಳನ್ನು ಹೋಲಿಸಿ 1925ರಲ್ಲಿ ಹೇಳಿದ್ದೂ ಇದನ್ನೇ: ಉಡುಗೊರೆಯಲ್ಲಿ ಕೊಡುವ, ಸ್ವೀಕರಿಸುವ, ಹಿಂದಿರುಗಿಸುವ ಮೂರೂ ಬಾಧ್ಯತೆಗಳು ಹೆಣೆದುಕೊಂಡಿರುತ್ತವೆ, ಮತ್ತು ಸಮಾಜವನ್ನು ಕಟ್ಟಿಹಾಕುವುದು ಆ ಹೆಣಿಗೆಯೇ. ಪೂರ್ತಿ ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಮಾರಿದವನಿಗೂ ಕೊಂಡವನಿಗೂ ಆ ಕ್ಷಣದಲ್ಲಿ ಋಣ ಹರಿದುಹೋಗುತ್ತದೆ. ಮುಯ್ಯಿಯಲ್ಲಿ ಋಣ ಹರಿಯುವುದಿಲ್ಲ, ಹರಿಯಬಾರದು. ಅದು ಉಳಿದಿರುವುದರಿಂದಲೇ ಎರಡು ಮನೆಗಳ ನಡುವೆ ದಾರಿ ಸವೆಯುತ್ತಿರುತ್ತದೆ.

ಈ ಹಳೆಯ ವ್ಯವಸ್ಥೆಯನ್ನು ಹೊಗಳುವಾಗ ಅದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಮುಯ್ಯಿಯ ವರ್ತುಲ ಬಹುಪಾಲು ಜಾತಿಯ ಗೆರೆಯೊಳಗೇ ಸುತ್ತುತ್ತಿತ್ತು. ಗೆರೆಯ ಹೊರಗಿನವರಿಗೆ ಕಣದ ಮೂಲೆಯ ಕಾಳು, ಹಬ್ಬದ ಮಾರನೆಯ ದಿನದ ತಂಗಳು ಸಿಗುತ್ತಿದ್ದುದು ಅವರ ದುಡಿಮೆಯ ನ್ಯಾಯವಾದ ಕೂಲಿಯ ಬದಲಿಗೆ. ಅದನ್ನು ಔದಾರ್ಯವೆಂದು ಕರೆಯುವುದು ಕೊಟ್ಟವರಿಗೆ ಸುಲಭ, ಕೈಯೊಡ್ಡಿ ನಿಂತವರಿಗೆ ಸುಲಭವಲ್ಲ. ಕೊಡುವುದು ಪಡೆಯುವವನ ತಲೆಯನ್ನು ತಗ್ಗಿಸುವುದಾದರೆ ಅದೂ ಒಂದು ಬಗೆಯ ತೋರಿಕೆಯ ಖರ್ಚೇ. ಆದುದರಿಂದ ಯಾವ ಬಗೆಯ ಕೊಡುವಿಕೆ ಎಂಬ ಪ್ರಶ್ನೆ ಎಷ್ಟು ಕೊಡುವುದು ಎಂಬುದಕ್ಕಿಂತ ಮೊದಲು ಬರುತ್ತದೆ.

ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಬಹಳ ಆಳವಾಗಿ ಎತ್ತಿದ್ದರು. ಅವರು ದಾನ ಎಂಬ ಪದವನ್ನು ಬಿಟ್ಟು ದಾಸೋಹ ಎಂಬ ಪದವನ್ನು ಹಿಡಿದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಅದಕ್ಕೆ ಬೇಕಾದದ್ದು ಸ್ವಂತ ದುಡಿಮೆಯಾದ ಕಾಯಕದಿಂದ ಬರಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯ, ಲಕ್ಕಮ್ಮ ದಂಪತಿಯ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುವುದು. ಅವರಿಗೆ ಆಯ್ದಕ್ಕಿ ಎಂಬ ಹೆಸರು ಬಂದದ್ದೂ ಹಾಗೆಯೇ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ತಡೆದು ಕೇಳಿದ ಪ್ರಶ್ನೆ ವಚನವಾಗಿ ಉಳಿದಿದೆ: ‘ಈಸಕ್ಕಿಯಾಸೆ ನಿಮಗೇಕೆ?’ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂಬುದು ಆಕೆಯ ನಿಲುವು.

ಈ ಪ್ರಸಂಗವನ್ನು ಸಾಮಾನ್ಯವಾಗಿ ದುರಾಸೆಯ ವಿರುದ್ಧದ ಬೋಧನೆಯಾಗಿ ಹೇಳುತ್ತಾರೆ. ಅದರಲ್ಲಿ ಇನ್ನೂ ಸೂಕ್ಷ್ಮವಾದ ವಿಷಯವಿದೆ. ಆ ಹೆಚ್ಚಿನ ಅಕ್ಕಿ ಮಾರಯ್ಯನ ಸ್ವಂತ ಭೋಗಕ್ಕೆ ಬಂದದ್ದಲ್ಲ. ಅವರ ಮನೆಗೆ ಬಂದದ್ದೆಲ್ಲ ದಾಸೋಹಕ್ಕೇ ಹೋಗುತ್ತಿತ್ತು. ಇನ್ನಷ್ಟು ಜನರಿಗೆ ಉಣಬಡಿಸಬಹುದಲ್ಲ ಎಂಬ ಸಮರ್ಥನೆ ಮಾರಯ್ಯನಿಗೆ ಸುಲಭವಾಗಿ ಒದಗಬಹುದಾಗಿತ್ತು. ಲಕ್ಕಮ್ಮ ಆ ಸಮರ್ಥನೆಗೂ ಎಡೆಗೊಡಲಿಲ್ಲ. ಮೊದಲು ಸಾಕಷ್ಟು ಗಳಿಸಿಕೊಳ್ಳೋಣ, ಆಮೇಲೆ ಧಾರಾಳವಾಗಿ ಕೊಡೋಣ ಎಂದು ಇಂದು ನಾವು ನಮಗೇ ಹೇಳಿಕೊಳ್ಳುವ ಮಾತಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಡುವುದಕ್ಕಾಗಿ ಹೆಚ್ಚು ಬೇಕೆನ್ನುವ ಆಸೆಯೂ ಆಸೆಯೇ, ಮತ್ತು ‘ಆಮೇಲೆ’ ಎನ್ನುವ ಆ ದಿನ ಕಂತುಗಳ ಸಾಲಿನಲ್ಲಿ ಹಿಂದೆ ಸರಿಯುತ್ತಲೇ ಹೋಗುತ್ತದೆ. ಆಯ್ದ ಅಕ್ಕಿಯಲ್ಲಿಯೇ ದಾಸೋಹ ನಡೆಯುತ್ತಿತ್ತೆಂದ ಮೇಲೆ ಉಳಿದರೆ ಕೊಡುತ್ತೇವೆ ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಕೊಟ್ಟರೆ ಮನಸ್ಸಿಗೆ ನೆಮ್ಮದಿ ಎಂಬ ಹಿರಿಯರ ಮಾತನ್ನು ಪ್ರಯೋಗದ ಮೂಲಕ ಪರೀಕ್ಷಿಸಿದವರೂ ಇದ್ದಾರೆ. 2008ರಲ್ಲಿ ಎಲಿಜಬೆತ್ ಡನ್, ಲಾರಾ ಅಕ್ನಿನ್ ಮತ್ತು ಮೈಕೆಲ್ ನಾರ್ಟನ್ ಅವರು ಪ್ರಕಟಿಸಿದ ಅಧ್ಯಯನದಲ್ಲಿ 46 ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಸಂಜೆ ಐದರೊಳಗೆ ಕೆಲವರು ತಮಗಾಗಿಯೂ ಇನ್ನು ಕೆಲವರು ಬೇರೆಯವರಿಗಾಗಿಯೂ ಖರ್ಚು ಮಾಡಬೇಕೆಂದು ಹೇಳಲಾಯಿತು. ಬೇರೆಯವರಿಗಾಗಿ ಖರ್ಚು ಮಾಡಿದವರೇ ಸಂಜೆಗೆ ಹೆಚ್ಚು ಸಂತೋಷದಿಂದಿದ್ದರು. ಮೊತ್ತ ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಯಾರಿಗೆ ಹೆಚ್ಚು ಸಂತೋಷವಾಗಬಹುದೆಂದು ಬೇರೊಂದು ಗುಂಪನ್ನು ಕೇಳಿದಾಗ, ತಮಗಾಗಿ 20 ಡಾಲರ್ ಖರ್ಚು ಮಾಡಿದವರಿಗೆ ಎಂದು ಹೆಚ್ಚಿನವರು ಊಹಿಸಿದ್ದರು. ನಾಲ್ಕು ಡಜನ್ನಿಗೂ ಕಡಿಮೆ ಜನರ ಮೇಲೆ ನಡೆದ ಪ್ರಯೋಗವನ್ನು ವೇದವಾಕ್ಯವಾಗಿ ತೆಗೆದುಕೊಳ್ಳಬಾರದು. ಅದೇ ಸಂಶೋಧಕರು 2020ರಲ್ಲಿ ಸಾವಿರಾರು ಜನರೊಂದಿಗೆ ಮತ್ತೆ ಪರೀಕ್ಷಿಸಿದಾಗ ಪರಿಣಾಮ ಇತ್ತಾದರೂ ಕೆಲವು ಸಂದರ್ಭಗಳಲ್ಲಿ ಅದು ಸಣ್ಣದಾಗಿತ್ತು. 2013ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ದೊಡ್ಡ ಸಂಸ್ಥೆಯ ಸಾಮಾನ್ಯ ನಿಧಿಗೆ ಕೊಟ್ಟವರಿಗಿಂತ, ಮಲೇರಿಯಾ ತಡೆಯುವ ಸೊಳ್ಳೆ ಪರದೆಯಂಥ ನಿರ್ದಿಷ್ಟ ವಸ್ತುವಿಗೆ ಕೊಟ್ಟವರಲ್ಲಿ, ಹೆಚ್ಚು ಕೊಟ್ಟಷ್ಟೂ ಸಂತೋಷ ಹೆಚ್ಚುತ್ತಿತ್ತು. ತನ್ನ ಹಣ ಏನಾಯಿತೆಂಬುದು ಕಣ್ಣಿಗೆ ಕಟ್ಟಿದಾಗ ಕೊಡುವ ಮನಸ್ಸು ಬೆಳೆಯುತ್ತದೆ.

ಮಾರುಕಟ್ಟೆಗೆ ಇದು ತಿಳಿಯದ ವಿಷಯವೇನಲ್ಲ. 1983ರಲ್ಲಿ ಅಮೆರಿಕದ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ, ತನ್ನ ಕಾರ್ಡನ್ನು ಬಳಸಿದಾಗಲೆಲ್ಲ ಒಂದು ಸೆಂಟ್ ಅನ್ನು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಜೀರ್ಣೋದ್ಧಾರಕ್ಕೆ ಕೊಡುವುದಾಗಿ ಪ್ರಕಟಿಸಿತು. ಹೀಗೆ 17 ಲಕ್ಷ ಡಾಲರ್ ಸಂಗ್ರಹವಾಯಿತು, ಕಾರ್ಡಿನ ಬಳಕೆಯೂ ಏರಿತು. ಅಂದಿನಿಂದ ‘ನೀವು ಕೊಂಡರೆ ನಾವು ಕೊಡುತ್ತೇವೆ’ ಎಂಬ ಮಾರಾಟದ ವಿಧಾನ ಎಲ್ಲೆಡೆ ಹಬ್ಬಿದೆ. ಬಿಲ್ಲಿನ ಕೊನೆಯಲ್ಲಿ ಒಂದು ರೂಪಾಯಿ ಸೇರಿಸುವುದರಿಂದ ನಿಜವಾದ ಉಪಕಾರವೇ ಆಗುತ್ತದೆ, ಅದನ್ನು ಬೇಡವೆನ್ನಲಾಗದು. ಆದರೆ ಅಲ್ಲಿ ಕೊಡುವುದು ಕೊಳ್ಳುವುದರ ಬಾಲವಾಗಿ ಬರುತ್ತದೆ. ಕೊಳ್ಳದ ದಿನ ಕೊಡುವುದೂ ಇಲ್ಲ.

ಎಲ್ಲರೂ ಖರ್ಚು ಕಡಿಮೆ ಮಾಡಿದರೆ ಅಂಗಡಿ, ಕಾರ್ಖಾನೆಗಳು ಮುಚ್ಚಿ ಬಡವರ ಕೆಲಸವೇ ಹೋಗುತ್ತದಲ್ಲ ಎಂಬ ಆಕ್ಷೇಪ ಗಂಭೀರವಾದದ್ದು. ಭಾರತದ ಜಿಡಿಪಿಯಲ್ಲಿ ಸುಮಾರು ಶೇ 60ರಷ್ಟು ಖಾಸಗಿ ಅನುಭೋಗದ ವೆಚ್ಚವೇ ಆಗಿದೆ. ಆದರೆ ಕೊಟ್ಟ ಹಣ ಆವಿಯಾಗಿ ಹೋಗುವುದಿಲ್ಲ. ಅದು ಶಾಲೆಯ ಶುಲ್ಕವಾಗಿ, ಔಷಧಿಯಾಗಿ, ಬೇಳೆ, ಎಣ್ಣೆಯಾಗಿ ಅದೇ ಮಾರುಕಟ್ಟೆಗೆ ಬರುತ್ತದೆ, ಅದೂ ಬೇಗ ಬರುತ್ತದೆ, ಏಕೆಂದರೆ ಕಡಿಮೆ ಆದಾಯದವರ ಕೈಗೆ ಬಂದ ರೂಪಾಯಿ ಮೂಲೆಯಲ್ಲಿ ಕೂರುವುದಿಲ್ಲ. ಮೂರನೆಯ ಜೊತೆ ಷೂವಿನ ಹಣ ಒಂದು ಮಗುವಿನ ಮೊದಲ ಜೊತೆಯಾದರೆ ಷೂ ಮಾಡುವವರಿಗೆ ನಷ್ಟವೇನೂ ಇಲ್ಲ.

ಮೊದಲೇ ಎತ್ತಿಡುವ ಈ ಸೂತ್ರ ಮನೆಯ ಮಟ್ಟದಲ್ಲಷ್ಟೇ ನಡೆಯುವುದೆಂದು ತಿಳಿಯಬೇಕಿಲ್ಲ. ದೊಡ್ಡ ಸಂಸ್ಥೆಗಳು ಉಳಿದದ್ದೇ ಅದರಿಂದ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದು ಉಯಿಲು ಬರೆದಿಟ್ಟು ಹೋದರು. ಜೆಮ್‌ಷೆಡ್‌ಜಿ ಟಾಟಾ ಅವರು ಮುಂಬಯಿಯ ತಮ್ಮ ಕಟ್ಟಡ, ನಿವೇಶನಗಳನ್ನು ಮೀಸಲಿಟ್ಟದ್ದರಿಂದ ಮತ್ತು ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟದ್ದರಿಂದ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ದೊರೆತದ್ದರ ಹಿಂದೆ 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ದುಡಿಮೆಯಿದೆ. ಅದರ ಜೊತೆಗೆ ಸುಗ್ಗಿಯಾದೊಡನೆ ರಾಗಿ, ತೆಂಗಿನಕಾಯಿ ಕಟ್ಟಿಕೊಂಡು ಬರುವ ರೈತರ ಚೀಲಗಳೂ ಇವೆ. ಅಜೀಂ ಪ್ರೇಮ್‌ಜಿ ಅವರು ತಮ್ಮ ಷೇರುಗಳ ಬಹುಪಾಲಿನ ಫಲವನ್ನು ಪ್ರತಿಷ್ಠಾನಕ್ಕೆ ಬರೆದುಕೊಟ್ಟು, 2019ರ ಹೊತ್ತಿಗೆ ಅದರ ಮೊತ್ತ 1.45 ಲಕ್ಷ ಕೋಟಿ ರೂಪಾಯಿಗೆ ಮುಟ್ಟಿದಾಗ ಪತ್ರಿಕೆಗಳು ಮೊತ್ತವನ್ನು ಎತ್ತಿ ಬರೆದವು. ವರ್ಷವರ್ಷ ಯೋಚಿಸಿ ಕೊಡುವ ಬದಲು ಷೇರಿನ ಫಲವೇ ನೇರವಾಗಿ ಆ ಕಡೆಗೆ ಹರಿಯುವಂತೆ ಕಾಲುವೆ ತೋಡಿದ್ದನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಕಾನೂನೂ ಇದೇ ದಾರಿಯನ್ನು ಹಿಡಿದಿದೆ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಪ್ರಕಾರ, ವಾರ್ಷಿಕ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಅಥವಾ ವಹಿವಾಟು, ನಿವ್ವಳ ಮೌಲ್ಯಗಳಲ್ಲಿ ನಿಗದಿತ ಮಿತಿ ಮುಟ್ಟಿದ ಕಂಪನಿಗಳು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ತೆರಿಗೆಯಿಂದ ನಡೆಯುವ ಶಾಲೆಯ ಬಿಸಿಯೂಟವೂ ಎಲ್ಲರ ಅನ್ನದಿಂದ ಮೊದಲೇ ತೆಗೆದಿಟ್ಟ ಹಿಡಿಯೇ. 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಅದನ್ನು ಆರಂಭಿಸಿದಾಗ ಸರ್ಕಾರ ಇಟ್ಟ ಹೆಸರು ಅಕ್ಷರ ದಾಸೋಹ. ಅಲ್ಲಿ ಮಗು ಯಾರ ಮುಂದೆಯೂ ಕೈಯೊಡ್ಡುವುದಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ಕೂರುತ್ತದೆ, ಅದು ಅದರ ಹಕ್ಕು.

ಮನೆಯ ಲೆಕ್ಕಕ್ಕೆ ಮರಳಿ ಬರುತ್ತೇನೆ. ನಮ್ಮ ಮನೆಯಲ್ಲಿ ಸಂಬಳ ಒಂದನೆಯ ತಾರೀಖಿಗೆ ಬರುತ್ತದೆ, ಕಂತುಗಳು ಐದಕ್ಕೆ ಹೋಗುತ್ತವೆ. ಮೂರು ವರ್ಷಗಳ ಹಿಂದೆ ನಾವಿಬ್ಬರೂ ಕೂತು ಮಾತಾಡಿ, ಎರಡನೆಯ ತಾರೀಖಿಗೆ ಒಂದು ಸಣ್ಣ ಮೊತ್ತ ನಮ್ಮ ತಾಲ್ಲೂಕಿನ ಒಂದು ಹಾಸ್ಟೆಲ್ಲಿನ ಊಟದ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆವು. ಮೊದಲ ಎರಡು ತಿಂಗಳು ಕಡಿತದ ಸಂದೇಶ ಬಂದಾಗ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು. ಮೂರನೆಯ ತಿಂಗಳಿನಿಂದ ಅನ್ನಿಸಲಿಲ್ಲ. ಹೊಸ ವಸ್ತುವಿನ ಸಂತೋಷವನ್ನು ಮಾಮೂಲು ಮಾಡಿಬಿಡುವ ಆ ಒಗ್ಗಿಹೋಗುವ ಗುಣವೇ ಇಲ್ಲಿ ನಮ್ಮ ನೆರವಿಗೆ ಬಂತು. ಇಲ್ಲದ ಹಣಕ್ಕೂ ಮನಸ್ಸು ಒಗ್ಗುತ್ತದೆ. ಅದರ ಜೊತೆಗೆ ಒಂದು ಕೊರತೆಯೂ ಕಾಣಿಸಿತು. ಗೊತ್ತಾಗದಂತೆ ಹೋಗುವ ಹಣದಲ್ಲಿ ಕೊಟ್ಟೆವೆಂಬ ಅನುಭವವೂ ಉಳಿಯುವುದಿಲ್ಲ. ಅದಕ್ಕೆಂದೇ ಈಗ ಪ್ರತಿ ಜೂನ್ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಮಕ್ಕಳ ಪಂಕ್ತಿಯಲ್ಲಿ ಕೂತು ಮುದ್ದೆ, ಸಾರು ಉಂಡು ಬರುತ್ತೇವೆ.

ಅಜ್ಜಿಗೆ ಈ ಎರಡನೆಯ ವಿಷಯವೂ ಗೊತ್ತಿತ್ತೆಂದು ಈಗ ಅರ್ಥವಾಗುತ್ತದೆ. ಹಿಡಿ ಅಕ್ಕಿಯನ್ನು ಎತ್ತಿಡುವಾಗ ಅವಳು ಮಡಕೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕೈ ತಾನಾಗಿ ಹೋಗಿ ಬರುತ್ತಿತ್ತು. ಆದರೆ ಜೋಳಿಗೆಯವರು ಬಂದ ದಿನ ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ. ಕೈ ತೊಳೆದುಕೊಂಡು, ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಜಗುಲಿಗೆ ತಂದು, ಹಾಸ್ಟೆಲ್ಲಿನ ಮಕ್ಕಳು ಎಷ್ಟು ಜನ, ಈ ಸಲ ಪರೀಕ್ಷೆ ಹೇಗೆ ಮಾಡಿದ್ದಾರೆ ಎಂದು ವಿಚಾರಿಸುತ್ತ ನಿಧಾನವಾಗಿ ಸುರಿಯುತ್ತಿದ್ದಳು; ಕೊನೆಯಲ್ಲಿ ಮಡಕೆಯನ್ನು ಬೋರಲು ಹಿಡಿದು, ತಳಕ್ಕೆ ಎರಡು ಸಲ ತಟ್ಟಿ, ಅಂಟಿಕೊಂಡ ನಾಲ್ಕು ಕಾಳುಗಳನ್ನೂ ಜೋಳಿಗೆಗೆ ಬೀಳಿಸುತ್ತಿದ್ದಳು.